ಜಲ ಸಂಶೋಧನಾ ಕೇಂದ್ರದ ಅನುದಾನ ತಗೊಂಡು ಊರಿನ ಸಭೆ, ಶಿಬಿರ ಬಿಟ್ಟುಬಿಡಬಹುದಾ?

ಬಿಡಬೇಡಿ. ಸಭೆಗಳಿಂದ ಸಂಶೋಧನೆಯ ಸಮಯ ಹಾಳಾಗುತ್ತದೆ ಅಂತ ಬರೆದಿದ್ದೀರಿ, ನಾನೂ ಹಾಗೇ ಅಂದುಕೊಂಡಿದ್ದೆ.

ದಕ್ಷಿಣ ಕೊಡಗಿನಲ್ಲಿ ಲಕ್ಷ್ಮಣತೀರ್ಥ ನದಿಗೆ ಸೇರುವ ಒಂದು ತೋಡಿನ (ಸಣ್ಣ ಹಳ್ಳದ) ಮೇಲೆ ನನ್ನ ಪಿಎಚ್‌ಡಿ. ಮಳೆ ಬಿದ್ದು ಎಷ್ಟು ಹೊತ್ತಿಗೆ ತೋಡು ಏರುತ್ತದೆ ಅನ್ನುವುದು ಪ್ರಶ್ನೆ. ನಮ್ಮ ವಿಶ್ವವಿದ್ಯಾಲಯದ ಕೇಂದ್ರ ನೀರಿನ ಮಟ್ಟ ದಾಖಲಿಸುವ ಯಂತ್ರ ಕೊಟ್ಟಿತು, ಲ್ಯಾಬ್ ಕೊಟ್ಟಿತು, ಓಡಾಟಕ್ಕೆ ಸ್ವಲ್ಪ ದುಡ್ಡು ಕೊಟ್ಟಿತು. ಮಳೆಯ ಲೆಕ್ಕ ಸಿಕ್ಕಿದ್ದು ಕಾಫಿ ತೋಟದವರಿಂದ. ನಮ್ಮಲ್ಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ದಿನಾ ಮಳೆ ಬರೆದಿಡುವವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತಲ್ವಾ? ಆ ಪುಸ್ತಕಗಳ ಫೋಟೋ ತೆಗೆದುಕೊಂಡು ಬಂದೆ. ಕೂತು ಮಾತಾಡಲಿಲ್ಲ.

ಎಡವಿದ್ದು ಇಲ್ಲೇ. ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುವುದು ಸುಲಭ, ತೊಂದರೆ ಇದ್ದದ್ದು ತಾರೀಖಿನಲ್ಲಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೇ ಬರೆಯುತ್ತದೆ. ನಾನು ಕೆಲಸ ಮಾಡಿದ ಕಡೆ ಕೆಲವು ತೋಟದವರು ಹಾಗೇ ಬರೆಯುತ್ತಿದ್ದರು, ಕೆಲವರು ಮಾತ್ರ 'ನಿನ್ನೆಯ ಮಳೆ' ಅಂತ ಹಿಂದಿನ ದಿನಕ್ಕೆ ಬರೆಯುತ್ತಿದ್ದರು. ಅಂದರೆ 9ರ ಬೆಳಿಗ್ಗೆ ಅಳೆದ ಮಳೆ ಒಂದು ಪುಸ್ತಕದಲ್ಲಿ 9, ಇನ್ನೊಂದರಲ್ಲಿ 8. ಎಲ್ಲವನ್ನೂ ಇಲಾಖೆಯ ಕ್ರಮ ಅಂದುಕೊಂಡು ಸೇರಿಸಿದಾಗ, ಕೆಲವು ತೋಟಗಳ ಮಳೆ ಒಂದು ದಿನ ಮೊದಲೇ ಬಂದ ಹಾಗೆ, ತೋಡು ಒಂದು ದಿನ ತಡವಾಗಿ ಏರಿದ ಹಾಗೆ ಕಾಣಿಸಿತು. ಅಲ್ಲಿನ ಮಣ್ಣು ನೀರನ್ನು ಅಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಅಂತ ಖುಷಿಯಿಂದ ಲೇಖನ ಬರೆದು ಕಳಿಸಿದೆ.

ಕೇಂದ್ರದ ಒತ್ತಾಯಕ್ಕೆ ಊರಿನಲ್ಲಿ ಸಭೆ ಮಾಡಿದೆವು. ಗ್ರಾಫ್ ನೋಡಿದ ಒಬ್ಬ ಅಜ್ಜ, "ಮಳೆ ಬಂದ ರಾತ್ರಿಯೇ ನನ್ನ ಗದ್ದೆಗೆ ನೀರು ನುಗ್ಗಿತ್ತಲ್ಲ, ನೀವು ಮರುದಿನ ಅಂತೀರಲ್ಲ" ಅಂದರು. ಒಂದೊಂದು ಮನೆಗೂ ಮತ್ತೆ ಹೋಗಿ ಕೇಳಬೇಕಾಯಿತು. ಲೇಖನ ವಾಪಸ್ ತಗೊಂಡೆ. ಫೆಲೋಶಿಪ್ ಮುಗಿದ ಮೇಲೂ ಕೈಯಿಂದ ಖರ್ಚು ಮಾಡಿ ಲೆಕ್ಕ ಸರಿಪಡಿಸಿದೆ. ಆ ಸಭೆ ನನ್ನ ಪಿಎಚ್‌ಡಿಯ ಅತಿ ಮುಖ್ಯ ದಿನ ಅಂತ ಈಗಲೂ ಹೇಳುತ್ತೇನೆ.

ಹಾಗಾಗಿ ಸಂಶೋಧನೆಯಾ ಜನಸಂಪರ್ಕವಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1964ರ ಜಲಸಂಪನ್ಮೂಲ ಸಂಶೋಧನಾ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯಕ್ಕೂ ವಿಶ್ವವಿದ್ಯಾಲಯದಲ್ಲಿ ಇಂಥ ಒಂದು ಸಂಸ್ಥೆ ಇದೆ. ಸಂಶೋಧನೆ, ಹೊಸಬರ ತರಬೇತಿ, ಫಲಿತಾಂಶವನ್ನು ಜನರಿಗೆ ತಲುಪಿಸುವುದು, ಮೂರೂ ಅದರ ಕೆಲಸವೇ.

ನಿಮ್ಮ ಕೇಂದ್ರದಲ್ಲಿ ದುಡ್ಡಿಗಿಂತ ಮೊದಲು ಊರಿನವರ ಪರಿಚಯ ಕೇಳಿ. ಬಾವಿ ನೀರಿನ ಪರೀಕ್ಷೆಯ ಶಿಬಿರ ಇದ್ದರೆ ಹೋಗಿ, ಬಾಟಲಿ ಹಿಡಿದು ಬಂದವರ ಹತ್ತಿರ ಮಾತಾಡಿ. ಯಂತ್ರಕ್ಕೆ ಅರ್ಜಿ ಮಾತ್ರ ಬೇಗ ಹಾಕಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತೋಡಿಗೆ ಇಳಿದು ಅದನ್ನು ಕೂರಿಸುವುದು ಕಷ್ಟ, ಅಪಾಯ ಕೂಡ.