ಅತ್ತಿಗೆಯ ಮೇಜಿನ ಮುಂದೆ ಕಾದಿದ್ದ ತಟ್ಟೆಗಳು

ನನ್ನ ಬಳಿ ಸಲಹೆಗೆ ಬಂದ ಕುಟುಂಬವೊಂದರ ಕಥೆ ಇದು; ಬರೆಯಲು ಅವರ ಒಪ್ಪಿಗೆಯಿದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಹಳ್ಳಿಯೊಂದರಿಂದ ಬಂದ ಆಕೆಗೆ ನಲವತ್ತು ದಾಟಿತ್ತು. ತಿಂಗಳುಗಳಿಂದ ಸರಿಯಾಗಿ ನಿದ್ದೆಯಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಮೈದುನನ ಜೊತೆ ಅಡಿಕೆ ಹಾಳೆಯ ತಟ್ಟೆ ತಯಾರಿಸುತ್ತಾರೆ. ಏಳು ಮಂದಿ ಕೆಲಸದವರಿದ್ದಾರೆ. ಮದುವೆ, ದೇವಸ್ಥಾನದ ಬ್ರಹ್ಮಕಲಶದ ಆರ್ಡರುಗಳು ತಡವಾಗಿ ದಿನಾ ಫೋನಿನಲ್ಲಿ ಬೈಗುಳ ಕೇಳಬೇಕಾಗಿತ್ತು. “ಯಾರಿಗೂ ಜವಾಬ್ದಾರಿಯಿಲ್ಲ ಮೇಡಂ, ಎಲ್ಲವನ್ನೂ ನಾನೇ ನೋಡಬೇಕು” ಎಂದರು. ಎರಡನೆಯ ಭೇಟಿಗೆ ಬಂದ ಮೈದುನ ಹೇಳಿದ್ದು ಒಂದೇ ಮಾತು: “ಅತ್ತಿಗೆ ನನ್ನನ್ನು ನಂಬುವುದಿಲ್ಲ.”

ನಿದ್ದೆಗಾಗಿ ವೈದ್ಯರನ್ನು ಕಾಣಲು ಹೇಳಿದೆ. ಯಾರದು ತಪ್ಪು ಎಂಬ ಮಾತನ್ನು ಮಾತ್ರ ಒಂದು ವಾರ ಪಕ್ಕಕ್ಕಿಡಲು ಕೇಳಿಕೊಂಡೆ. ತಟ್ಟೆಯ ಪ್ರತಿ ಕಟ್ಟಿಗೂ ಒಂದು ಚೀಟಿ ಕಟ್ಟಿ; ಹಾಳೆ ನೆನೆಹಾಕಿದ್ದು, ಯಂತ್ರದಲ್ಲಿ ಒತ್ತಿದ್ದು, ಅಂಚು ಕತ್ತರಿಸಿದ್ದು, ಒಳ್ಳೆಯದು ಕೆಟ್ಟದ್ದೆಂದು ವಿಂಗಡಿಸಿದ್ದು, ಪ್ಯಾಕ್ ಮಾಡಿದ್ದು, ಪ್ರತಿಯೊಂದರ ತಾರೀಕು ಮತ್ತು ಗಂಟೆ ಬರೆಯಿರಿ ಎಂದೆ. ಅಲ್ಲಿ ಮಾತೆಲ್ಲ ತುಳುವಿನಲ್ಲಿ. ಕೆಲವರಿಗೆ ಕನ್ನಡ ಅಕ್ಷರ ಬರುತ್ತದೆ, ಕೆಲವರಿಗೆ ಮಲಯಾಳ ಮಾತ್ರ. ಹಾಗಾಗಿ ಚೀಟಿಯಲ್ಲಿ ಬರೀ ಅಂಕಿಗಳು.

ಚೀಟಿಗಳನ್ನು ನನ್ನ ಮೇಜಿನ ಮೇಲೆ ಹರಡಿದಾಗ ಆಕೆಯೇ ಮೊದಲು ಗಮನಿಸಿದರು. ಕೈಕೆಲಸದ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ದಿನವೂ ಆಗುವುದಿಲ್ಲ. ಉಳಿದ ದಿನಗಳೆಲ್ಲ ತಟ್ಟೆಗಳು ಒಂದೇ ಕಡೆ ಕಾದಿದ್ದವು: ವಿಂಗಡಿಸುವ ಮೇಜಿನ ಮುಂದೆ. ಆ ಮೇಜಿನಲ್ಲಿ ಕೂರುತ್ತಿದ್ದವರು ಆಕೆ ಒಬ್ಬರೇ.

ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿದ ಸರಳ ಸಂಬಂಧವೊಂದನ್ನು ಅಲ್ಲಿಯೇ ಲೆಕ್ಕ ಹಾಕಿ ತೋರಿಸಿದೆ. ಸರದಿಯಲ್ಲಿ ಸರಾಸರಿ 8,000 ತಟ್ಟೆಗಳಿದ್ದು, ದಿನಕ್ಕೆ 1,000 ಹೊರಗೆ ಹೋಗುವುದಾದರೆ ಒಂದು ತಟ್ಟೆ ಸರಾಸರಿ ಎಂಟು ದಿನ ಕಾಯಲೇಬೇಕು. ಇನ್ನೊಂದು ಯಂತ್ರ ತಂದರೆ ಆ ರಾಶಿ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಅವರು ಯಂತ್ರದ ಸಾಲಕ್ಕೆ ಅರ್ಜಿ ಬರೆದಿಟ್ಟಿದ್ದರು. ಆ ಕಾಗದವನ್ನು ಮಡಚಿ ಚೀಲದೊಳಗೆ ಹಾಕಿಕೊಂಡರು.

ಹಾಗಾದರೆ ಒಬ್ಬರೇ ಏಕೆ ವಿಂಗಡಿಸುತ್ತೀರಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು. ಎರಡು ಮಳೆಗಾಲದ ಹಿಂದೆ ದೂರದ ಊರಿಗೆ ಕಳಿಸಿದ ಸರಕು ಬೂಸ್ಟು ಹಿಡಿದು ಪೂರ್ತಿ ಮರಳಿ ಬಂದಿತ್ತು. ಆ ಪೆಟ್ಟಿಗೆಗಳನ್ನು ಬಿಚ್ಚಿದ ದಿನದಿಂದ ತಮ್ಮ ಕೈ ತಾಗದ ಒಂದು ತಟ್ಟೆಯನ್ನೂ ಅವರು ಹೊರಗೆ ಬಿಟ್ಟಿಲ್ಲ. ನನಗೆ ಆಕೆಯ ಮೇಲೆ ತುಂಬ ಗೌರವ ಮೂಡಿತು. ಆದರೆ ಬೂಸ್ಟು ಹುಟ್ಟುವುದು ತೇವ ಉಳಿದಲ್ಲಿ. ಕೊನೆಯ ಮೇಜಿನಲ್ಲಿ ಎಷ್ಟು ಹೊತ್ತು ನೋಡಿದರೂ ಒಳಗಿನ ತೇವ ಕಣ್ಣಿಗೆ ಬೀಳುವುದಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಪರೀಕ್ಷೆಯನ್ನು ಹಿಂದಕ್ಕೆ ಒಯ್ಯಿರಿ: ಕಲೆ ಬಿದ್ದ ಹಾಳೆ ನೆನೆಯುವ ಮೊದಲೇ ಬೇರೆಯಾಗಲಿ, ಒತ್ತಿದ ತಟ್ಟೆ ಚೆನ್ನಾಗಿ ಒಣಗದೆ ಕಟ್ಟಿಗೆ ಸೇರದಿರಲಿ. ಒಳ್ಳೆಯದು, ಎರಡನೆಯ ದರ್ಜೆಯದು, ಬೇಡವಾದದ್ದು, ಮೂರು ತಟ್ಟೆಗಳನ್ನು ಗೋಡೆಗೆ ತೂಗುಹಾಕಿ; ಅಂಚು ಕತ್ತರಿಸುವ ಹೆಂಗಸರೇ ಅದನ್ನು ನೋಡಿ ವಿಂಗಡಿಸಲಿ. ನೀವು ಪ್ರತಿ ಕಟ್ಟಿನಿಂದ ಕೆಲವನ್ನು ಮಾತ್ರ ತೆಗೆದು ನೋಡಿ. ಎರಡು ವಾರ, ಒಂದೇ ಯಂತ್ರದ ಸರಕಿಗೆ. ಒಣಗಿಸುವ ಹೊಣೆ ಮೈದುನನದು. ಆತನ ತೀರ್ಮಾನವನ್ನು ಕೆಲಸದವರ ಎದುರಿಗೆ ತಿದ್ದಬೇಡಿ. ಈ ಕೊನೆಯ ಮಾತಿಗೆ ಒಪ್ಪಿಸಲು ಇಡೀ ಒಂದು ಭೇಟಿ ಬೇಕಾಯಿತು.

ಮೊದಲ ಮೂರು ದಿನ ಆಕೆ ರಾತ್ರಿ ಟಾರ್ಚ್ ಹಿಡಿದು ಹೋಗಿ ಕಟ್ಟುಗಳನ್ನು ಬಿಚ್ಚಿ ನೋಡಿದ್ದರಂತೆ. ಗದರಿಸಲು ನನಗೆ ಮನಸ್ಸಾಗಲಿಲ್ಲ. ಎಷ್ಟು ಕೆಟ್ಟ ತಟ್ಟೆಗಳು ಸಿಕ್ಕವು, ಬರೆದಿಡಿ ಎಂದೆ. ನಾಲ್ಕನೆಯ ರಾತ್ರಿ ಹೋಗಲಿಲ್ಲ. ತಿಂಗಳ ಕೊನೆಗೆ ಮೇಜಿನ ಮುಂದಿನ ರಾಶಿ 3,000ಕ್ಕೆ ಇಳಿದಿತ್ತು.

ಮಳೆಗಾಲದಲ್ಲಿ ಒಣಗಿಸುವುದು ಹೇಗೆಂಬುದು ಇನ್ನೂ ತೀರ್ಮಾನವಾಗಿಲ್ಲ. ಮಳೆಗಾಲ ಹತ್ತಿರವಾಯಿತೆಂದು ತುಳುನಾಡಿನಲ್ಲಿ ಎಣಿಸುವ ಪತ್ತನಾಜೆಯ ದಿನಕ್ಕೆ (ಮೇ ಕೊನೆ) ಮೊದಲು ಹಾಳೆ ಕೂಡಿಟ್ಟುಕೊಳ್ಳಬೇಕು, ಒಣಗಿಸುವ ಕೋಣೆಯನ್ನೂ ಕಟ್ಟಬೇಕು. ಮುಂದಿನ ಭೇಟಿಗೆ ಅದರ ಲೆಕ್ಕವನ್ನು ಮೈದುನನೇ ಬರೆದು ತರುತ್ತಾನೆ ಎಂದು ಆಕೆ ಫೋನಿನಲ್ಲಿ ತಿಳಿಸಿದ್ದಾರೆ.