ರೋಗವೇ ಇಲ್ಲದ ಗಿಡದಲ್ಲಿ ರಕ್ಷಣೆಯ ಕಿಣ್ವ ಯಾಕೆ?

ನಮಸ್ಕಾರ ಮೇಷ್ಟ್ರೇ,

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಕಳೆದ ಸಂಚಿಕೆಯಲ್ಲಿ ನಾವು ಕೈಟಿನೇಸ್ ಕಿಣ್ವವನ್ನು 'ಶಿಲೀಂಧ್ರ ಬಂದಾಗ ಗಿಡ ತಯಾರಿಸಿಕೊಳ್ಳುವ ಆಯುಧ' ಅಂತ ಬರೆದಿದ್ದೆವು. ಆದರೆ ನಿಮ್ಮ ಪದವಿ ತರಗತಿಯ ಮಕ್ಕಳು ರೋಗದ ಸುಳಿವೇ ಇಲ್ಲದ ತಂಬಾಕು ಗಿಡವನ್ನು ಪರೀಕ್ಷಿಸಿದಾಗ ಬೇರಿನಲ್ಲೂ ಕೆಳಗಿನ ಹಳೆ ಎಲೆಗಳಲ್ಲೂ ಅದು ಬೇಕಾದಷ್ಟು ಸಿಕ್ಕಿತು, ತುದಿಯ ಎಳೆ ಎಲೆಯಲ್ಲಿ ಮಾತ್ರ ತೀರಾ ಕಡಿಮೆ ಇತ್ತು. ಪರೀಕ್ಷೆ ತಪ್ಪೋ ಲೇಖನ ತಪ್ಪೋ ಅಂತ ಕೇಳಿದ್ದೀರಿ. ಪರೀಕ್ಷೆ ಸರಿಯಾಗಿದೆ. ನಮ್ಮ ಸಾಲು ಅರ್ಧ ಮಾತ್ರ ನಿಜ.

ನಿಜವಾದ ಅರ್ಧ ಯಾವುದು ಅಂದರೆ, ಶಿಲೀಂಧ್ರದ ಕೋಶದ ಗೋಡೆಯಲ್ಲಿ ಕೈಟಿನ್ ಅನ್ನುವ ಗಟ್ಟಿ ವಸ್ತು ಇರುತ್ತದೆ, ಗಿಡದ ಮೈಯಲ್ಲಿ ಇರುವುದಿಲ್ಲ. ಹಾಗಾಗಿ ಕೈಟಿನನ್ನು ಕತ್ತರಿಸುವ ಕಿಣ್ವ ಗಿಡದಲ್ಲಿದೆ ಅಂದರೆ ಅದು ಶತ್ರುವಿಗಾಗಿಯೇ ಅಂತ ಅನಿಸುವುದು ಸಹಜ ಅಲ್ವಾ? ಆದರೆ ಒಂದು ಹಳೆಯ ಸಂಗತಿ ನೋಡಿ. 1970ರಲ್ಲಿ ಮೊಸಾಯಿಕ್ ವೈರಸ್ ತಗುಲಿದ ತಂಬಾಕಿನ ಎಲೆಗಳಲ್ಲಿ ಕೆಲವು ಹೊಸ ಪ್ರೋಟೀನುಗಳು ಕಂಡವು. ಅವುಗಳಲ್ಲಿ ಕೆಲವು ಕೈಟಿನೇಸ್, ಇನ್ನು ಕೆಲವು ಗ್ಲೂಕನೇಸ್ (ಕೋಶದ ಗೋಡೆಯ ಗ್ಲೂಕನ್ ಅನ್ನುವ ಸಕ್ಕರೆ ಸರಪಳಿಯನ್ನು ಕತ್ತರಿಸುವ ಕಿಣ್ವ) ಅಂತ ಆಮೇಲೆ ಗೊತ್ತಾಯಿತು. ವೈರಸ್ಸಿನಲ್ಲಿ ಕೈಟಿನ್ ಎಲ್ಲಿದೆ? ಇಲ್ಲವೇ ಇಲ್ಲ. ಬಂದವನು ಯಾರು ಅಂತ ಈ ಕಿಣ್ವವನ್ನು ಮಾಡಿಸುವ ಜೀನ್ ನೋಡುವುದಿಲ್ಲ. ಗಿಡದೊಳಗೆ ಹರಿದಾಡುವ ಸಂದೇಶ ಬಂತೋ ಇಲ್ಲವೋ, ಅದಕ್ಕೆ ಗೊತ್ತಾಗುವುದು ಅಷ್ಟೇ.

ಆ ಸಂದೇಶಗಳು ರೋಗಕ್ಕೆ ಮಾತ್ರ ಮೀಸಲಲ್ಲ. ಎಥಿಲೀನ್ ಅನ್ನುವ ಅನಿಲ ರೂಪದ ಹಾರ್ಮೋನು ಗಾಯಕ್ಕೂ ಬರುತ್ತದೆ, ಎಲೆ ಮುದಿಯಾಗುವಾಗಲೂ ಬರುತ್ತದೆ, ಬಂದಾಗ ತಂಬಾಕಿನ ಕೈಟಿನೇಸ್ ಜೀನ್ ಏರುತ್ತದೆ. ಬೆಳವಣಿಗೆಯ ಹಾರ್ಮೋನುಗಳಾದ ಆಕ್ಸಿನ್ ಮತ್ತು ಸೈಟೊಕೈನಿನ್ ಒಟ್ಟಿಗೆ ಇದ್ದರೆ ಅದೇ ಜೀನ್ ತಗ್ಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ತಂಬಾಕಿನ ಕೋಶಗಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ. ನಿಮ್ಮ ಮಕ್ಕಳಿಗೆ ಎಳೆ ಎಲೆಯಲ್ಲಿ ಕಡಿಮೆ ಸಿಕ್ಕಿದ್ದಕ್ಕೆ ಇದೊಂದು ಒಳ್ಳೆಯ ಸುಳಿವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಂಬಾಕಿನ ಬೀಜದ ಕಥೆ. ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ ಅದು. ನೀರು ಕುಡಿದು ಉಬ್ಬಿದಾಗ ಮೊದಲು ಹೊರಸಿಪ್ಪೆ ಬಿರಿಯುತ್ತದೆ. ಆದರೆ ಬೇರು ಹೊರಗೆ ಬರುವುದಿಲ್ಲ, ಒಳಗೆ ಇನ್ನೊಂದು ಪೊರೆ ಅಡ್ಡ ಇರುತ್ತದೆ. ಬೇರಿನ ತುದಿ ಆ ಪೊರೆಯನ್ನು ಸೀಳುವುದಕ್ಕೆ ಸ್ವಲ್ಪ ಮುಂಚೆ, ಸರಿಯಾಗಿ ಆ ಜಾಗದ ಕೋಶಗಳಲ್ಲೇ ಗ್ಲೂಕನೇಸ್ ಜೀನ್ ಚಾಲೂ ಆಗುತ್ತದೆ. ಮೊಳಕೆಯನ್ನು ತಡೆಹಿಡಿಯುವ ಹಾರ್ಮೋನಾದ ಅಬ್ಸಿಸಿಕ್ ಆಮ್ಲ ಹಾಕಿದರೆ ಜೀನೂ ತಡವಾಗುತ್ತದೆ, ಪೊರೆ ಸೀಳುವುದೂ ತಡವಾಗುತ್ತದೆ. ಅಲ್ಲಿ ಶಿಲೀಂಧ್ರವೂ ಇಲ್ಲ, ಹುಳವೂ ಇಲ್ಲ, ಮೊಳಕೆಗೆ ದಾರಿ ಬಿಡುವ ಕೆಲಸ ಮಾತ್ರ ಇದೆ. ಚಳಿಗಾಲದ ರೈ ಅನ್ನುವ ಧಾನ್ಯದ ಬೆಳೆಯಲ್ಲಂತೂ ಕೈಟಿನೇಸ್, ಗ್ಲೂಕನೇಸ್‌ಗಳ ಜಾತಿಯ ಪ್ರೋಟೀನುಗಳೇ ಚಳಿಗೆ ಹುಟ್ಟಿ, ಮಂಜುಗಡ್ಡೆಯ ಹರಳಿಗೆ ಅಂಟಿಕೊಂಡು, ಅದು ದೊಡ್ಡದಾಗದಂತೆ ತಡೆಯುತ್ತವೆ.

ಇನ್ನೊಂದು ವಿಷಯ. ನಾವು 'ಒಂದು ಕಿಣ್ವ' ಅನ್ನುವುದರ ಹಿಂದೆ ಸಾಮಾನ್ಯವಾಗಿ ಜೀನ್‌ಗಳ ಒಂದು ಕುಟುಂಬವೇ ಇರುತ್ತದೆ. ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದಲ್ಲಿ ಪೆರಾಕ್ಸಿಡೇಸ್ ಅನ್ನುವ ಕಿಣ್ವದ ಒಂದು ವರ್ಗಕ್ಕೇ 73 ಜೀನ್‌ಗಳಿವೆ. ಒಂದೊಂದರ ಸ್ವಿಚ್ಚೂ ಬೇರೆ. ಒಂದು ಬೇರಿನಲ್ಲಿ, ಇನ್ನೊಂದು ಗಾಯಕ್ಕೆ, ಮತ್ತೊಂದು ಕಾಂಡ ಗಟ್ಟಿಯಾಗುವಾಗ. ಎಲೆಯನ್ನು ಅರೆದು ಅಳೆದಾಗ ಸಿಗುವುದು ಇವೆಲ್ಲದರ ಒಟ್ಟು ಮೊತ್ತ.

ಹೆಚ್ಚಿದ ಆಲೂಗಡ್ಡೆ ಅಷ್ಟು ಬೇಗ ಬಣ್ಣ ಬದಲಿಸುವುದು ಹೇಗೆ, ಜೀನ್ ಅಷ್ಟು ಚುರುಕೇ ಅಂತಲೂ ಕೇಳಿದ್ದೀರಿ. ಅದಕ್ಕೆ ಜೀನ್ ಏಳಬೇಕಾಗಿಯೇ ಇಲ್ಲ. ಪಾಲಿಫೀನಾಲ್ ಆಕ್ಸಿಡೇಸ್ ಅನ್ನುವ ಕಿಣ್ವ ಕೋಶದ ಒಂದು ಕೋಣೆಯಲ್ಲಿ, ಅದು ಕಂದಾಗಿಸುವ ಫೀನಾಲುಗಳು ಇನ್ನೊಂದು ಕೋಣೆಯಲ್ಲಿ ಮೊದಲೇ ಇರುತ್ತವೆ. ಚಾಕು ಆಡಿದಾಗ ಗೋಡೆ ಒಡೆದು, ಗಾಳಿಯೂ ಸೇರಿ ಕಂದು ಬಣ್ಣ ಬರುತ್ತದೆ. ಜೀನ್‌ನ ಕೆಲಸ ನೋಡಬೇಕಾದರೆ ಆ ತುಂಡನ್ನು ಹಾಗೇ ಬಿಡಬೇಕು. ಕೆಲವು ಗಂಟೆಗಳಲ್ಲಿ ಫೀನಾಲುಗಳ ತಯಾರಿ ಶುರುಮಾಡುವ ಕಿಣ್ವವಾದ ಫಿನೈಲಲನಿನ್ ಅಮೋನಿಯಾ ಲಯೇಸ್ ಏರುತ್ತದೆ, ದಿನ ಕಳೆದಂತೆ ಕತ್ತರಿಸಿದ ಮೈಮೇಲೆ ಹೊಸ ಪದರ ಕಟ್ಟುತ್ತದೆ.

ಇಷ್ಟೆಲ್ಲಾ ಇದ್ದರೆ ಗಿಡ ಯಾವಾಗಲೂ ಎಲ್ಲವನ್ನೂ ಚಾಲೂ ಇಟ್ಟುಕೊಳ್ಳಬಾರದೇ? ರಕ್ಷಣೆ ಸದಾ ಚಾಲೂ ಇರುವ ಅರಾಬಿಡಾಪ್ಸಿಸ್ ತಳಿಗಳಿವೆ. ಅವುಗಳಲ್ಲಿ ಬಹಳಷ್ಟು ಕುಳ್ಳಗೆ ಉಳಿದುಬಿಡುತ್ತವೆ.

ಈಗ ನಿಮ್ಮ ಮಕ್ಕಳಿಗೆ ಒಂದು ಮಾತು. ರೋಗ ತಗುಲಿದ ಕೆಳಗಿನ ಎಲೆಯನ್ನು ಆರೋಗ್ಯದ ತುದಿ ಎಲೆಯ ಜೊತೆ ಹೋಲಿಸಲೇಬೇಡಿ, ವಯಸ್ಸಿನ ವ್ಯತ್ಯಾಸವೇ ರೋಗದ ಹಾಗೆ ಕಾಣುತ್ತದೆ. ಮೇಲಿನಿಂದ ಎಣಿಸಿ ಅದೇ ಎಲೆ, ಅದೇ ವಯಸ್ಸಿನ ಗಿಡ, ದಿನದ ಅದೇ ಹೊತ್ತು. ಕಿತ್ತ ತಕ್ಷಣ ಐಸಿನಲ್ಲಿಡಿ, ಯಾಕೆಂದರೆ ಕೀಳುವುದೂ ಒಂದು ಗಾಯ. ಮತ್ತೆ, ಯಾವುದೋ ದ್ರಾವಣ ಸಿಂಪಡಿಸಿದಾಗ ಈ ಕಿಣ್ವ ಜಾಸ್ತಿಯಾಯಿತು ಅನ್ನುವುದನ್ನೇ ರೋಗ ತಡೆಯಿತು ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ದ್ರಾವಣವೇ ಗಿಡಕ್ಕೆ ಪೆಟ್ಟು ಕೊಟ್ಟಿರಬಹುದು. ರೋಗಾಣುವನ್ನು ತಗುಲಿಸಿ, ಎಲೆಯ ಮೇಲಿನ ಮಚ್ಚೆಗಳನ್ನು ಎಣಿಸಿಯೇ ನೋಡಬೇಕು.

ಹೂವಿನ ಭಾಗಗಳನ್ನೂ ಬಿಡಿಸಿ ಅಳೆಯಿರಿ. ಅಂಕಿಗಳು ಬಂದಾಗ ನಮಗೆ ಕಳಿಸಿ, ಮಕ್ಕಳ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ