ನೇಪಾಳ ಭೂಕಂಪ: ಅಷ್ಟೊಂದು ದೇಶಗಳು ನೆರವು ಕಳಿಸಿದರೂ ಹಳ್ಳಿಗಳಿಗೆ ತಲುಪಲು ಯಾಕೆ ತಡವಾಯಿತು?

ಮೊದಲ ಅಡ್ಡಿಯೇ ರನ್‌ವೇ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ ಆದಾಗ ನೇಪಾಳಕ್ಕೆ ಇದ್ದದ್ದು ಒಂದೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಕಾಠ್ಮಂಡುವಿನ ತ್ರಿಭುವನ್. ಅಲ್ಲೂ ಒಂದೇ ರನ್‌ವೇ. ನಮ್ಮ ವಾಯುಪಡೆಯ ವಿಮಾನ ಅದೇ ದಿನ ಹೋಗಿ ಇಳಿಯಿತು. ಆಮೇಲೆ ಎಲ್ಲಾ ಕಡೆಯಿಂದ ವಿಮಾನಗಳು ಮುಗಿಬಿದ್ದವು. ನಿಲ್ಲಿಸಲು ಜಾಗ ಸಾಲದೆ ಕೆಲವು ಆಕಾಶದಲ್ಲೇ ಸುತ್ತಿ ವಾಪಸಾದವು. ರನ್‌ವೇಗೂ ಪೆಟ್ಟು ಬಿತ್ತು. ಮೇ 3ರಂದು 196 ಟನ್ ಮೀರಿದ ವಿಮಾನಗಳನ್ನು ಇಳಿಸುವುದನ್ನೇ ನಿಲ್ಲಿಸಿದರು.

ಇಳಿದ ಸಾಮಾನಿಗೆ ಕಸ್ಟಮ್ಸ್ ಕಾಟ ಬೇರೆ. ಟಾರ್ಪಾಲು, ಟೆಂಟುಗಳಿಗೆ ಸುಂಕ ಬಿಟ್ಟರೂ ಉಳಿದವುಗಳ ತಪಾಸಣೆಗೆ ಸಮಯ ಹಿಡಿಯುತ್ತಿತ್ತು. ವಿಶ್ವಸಂಸ್ಥೆಯೇ ಬಹಿರಂಗವಾಗಿ ತಕರಾರು ಮಾಡಿತು.

ಆದರೆ ನಿಜವಾದ ಕಷ್ಟ ಕಾಠ್ಮಂಡು ದಾಟಿದ ಮೇಲೆ. ಗೋರ್ಖಾ, ಸಿಂಧುಪಾಲ್‌ಚೋಕ್ ಕಡೆ ಗುಡ್ಡ ಜರಿದು ದಾರಿಗಳು ಮುಚ್ಚಿಹೋಗಿದ್ದವು. ಹೆಲಿಕಾಪ್ಟರ್‌ಗೆ ಖರ್ಚು ಜಾಸ್ತಿ, ಮೋಡ ಕವಿದರೆ ಅದೂ ಇಲ್ಲ. ಆಗ ವಿಶ್ವಸಂಸ್ಥೆಯ ಆಹಾರ ನೆರವಿನ ಸಂಸ್ಥೆಯಾದ ವಿಶ್ವ ಆಹಾರ ಕಾರ್ಯಕ್ರಮದವರು ಚಾರಣಿಗರ ಹೊರೆ ಹೊರುವ ಪೋರ್ಟರುಗಳನ್ನೇ ಕೆಲಸಕ್ಕೆ ಕರೆದರು. ಪ್ರವಾಸಿಗರಿಲ್ಲದೆ ಅವರೂ ಖಾಲಿ ಕೂತಿದ್ದರು, ಅಲ್ವಾ? ಹಣೆಗೆ ಪಟ್ಟಿ ಬಿಗಿದು, ಬೆನ್ನ ಮೇಲೆ ಅಕ್ಕಿ ಮೂಟೆ ಹೊತ್ತು ಕಾಲುದಾರಿ ಹತ್ತಿದರು. ಕೆಟ್ಟ ದಾರಿಗಳನ್ನು ಅವರೇ ಸರಿಮಾಡಿದರು. ಕೆಲವು ಕಡೆ ಹೇಸರಗತ್ತೆಗಳನ್ನೂ ಬಳಸಿದರು. ನನ್ನ ಪ್ರಕಾರ ಇಡೀ ಕಾರ್ಯಾಚರಣೆಯಲ್ಲಿ ಜಾಣತನದ ಕೆಲಸ ಇದೇ: ನೆರವಿನ ದುಡ್ಡು ಕೂಲಿಯಾಗಿ ಸಂತ್ರಸ್ತರ ಊರಿಗೇ ಹೋಯಿತು.